ಕಮಲಾಪುರದಿಂದ ನಂದೂರಿಗೆ ಕುದುರೆಯ ಹಾದಿ

ಕಲಬುರಗಿಯಿಂದ ಶಹಾಬಾದ ರಸ್ತೆ ಹಿಡಿದು ಹೊರಟರೆ, ಪಟ್ಟಣದ ಗದ್ದಲ ಮುಗಿಯುವಷ್ಟರಲ್ಲಿ ನಮ್ಮ ನಂದೂರ ಸಿಗುತ್ತದೆ. ಒಂದು ಕಡೆ ಹಳೆಯ ಊರು, ಎರೆಹೊಲ, ತೊಗರಿ, ಜೋಳ. ಇನ್ನೊಂದು ಕಡೆ ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶ, ದಾಲ್ ಮಿಲ್ಲುಗಳು, ಲಾರಿಗಳ ಸಾಲು. ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿ ದುಡಿದು ನಿವೃತ್ತನಾದ ಮೇಲೆ ನಾನು ಇಲ್ಲೇ ಮನೆ ಮಾಡಿಕೊಂಡಿದ್ದೇನೆ. ಈಗ ಎಪ್ಪತ್ತು ದಾಟಿದೆ. "ನಿಮ್ಮೂರಲ್ಲಿ ನೋಡೋದಕ್ಕೆ ಏನಿದೆ?" ಎಂದು ಬೆಂಗಳೂರಿನ ನೆಂಟರು ಕೇಳುತ್ತಾರೆ. ನಾನು ಅವರನ್ನು ನಮ್ಮ ಓಣಿಯ ಕೊನೆಗಿರುವ ತಗಡಿನ ತಬೇಲಾಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಚಾಂದನಿ ಎಂಬ ಬಿಳಿ ಕುದುರೆ ಇದೆ.

ಕಲಬುರಗಿಯಲ್ಲಿ ಮದುಮಗ ಕುದುರೆ ಏರಿ ಮೆರವಣಿಗೆಯಲ್ಲಿ ಬರುವುದಕ್ಕೆ ಬರಾತು ಎನ್ನುತ್ತಾರೆ. ಚಾಂದನಿ ಬರಾತಿನ ಕುದುರೆ. ಹಿಂದೂ ಲಗ್ನ, ಮುಸಲ್ಮಾನರ ಶಾದಿ, ಎಲ್ಲಕ್ಕೂ ಅದೇ ಹೋಗುತ್ತದೆ. ಮಕ್ಕಳೇ, ನಿಮಗೊಂದು ಸೋಜಿಗ ಹೇಳಲೇ? ಬಿಳಿ ಕುದುರೆಗಳು ಹುಟ್ಟುವಾಗ ಸಾಮಾನ್ಯವಾಗಿ ಬಿಳಿ ಇರುವುದಿಲ್ಲ. ಮರಿ ಕಪ್ಪಗೋ ಕಂದಾಗಿಯೋ ಹುಟ್ಟಿ, ವರ್ಷದಿಂದ ವರ್ಷಕ್ಕೆ ಅಜ್ಜಂದಿರ ತಲೆಯ ಹಾಗೆ ನರೆಯುತ್ತ ಬರುತ್ತದೆ. ಕೂದಲು ಸರಿಸಿ ನೋಡಿದರೆ ಒಳಗಿನ ಚರ್ಮ ಕಪ್ಪಗೇ ಇರುತ್ತದೆ.

ಚಾಂದನಿಯ ಒಡೆಯರಿಗೆ ಓಣಿಯ ಮಕ್ಕಳೆಲ್ಲ ಚಾಚಾ ಎನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ನಾನೂ ಹಾಗೇ ಕರೆಯುತ್ತೇನೆ. ಅವರ ತಂದೆ ರೈಲ್ವೆ ಸ್ಟೇಷನ್ ಮುಂದೆ ಟಾಂಗಾ ನಿಲ್ಲಿಸುತ್ತಿದ್ದರು. ನಾನು ನೌಕರಿಗೆ ಸೇರಿದ ಕಾಲದಲ್ಲಿ ಸ್ಟೇಷನ್ನಿನಿಂದ ಇಳಿದರೆ ಮೊದಲು ಕಿವಿಗೆ ಬೀಳುತ್ತಿದ್ದುದು ಟಾಂಗಾದ ಗೆಜ್ಜೆ. ಆಮೇಲೆ ಆಟೋ ಬಂದವು, ಟಾಂಗಾ ಹೋದವು. ಚಾಚಾ ಮನೆಯಲ್ಲಿ ಕುದುರೆ ಮಾತ್ರ ಉಳಿಯಿತು.

ಮಳೆಗಾಲದಲ್ಲಿ ಬರಾತಿನ ಕೆಲಸ ಕಡಿಮೆ. ಆಷಾಢದಲ್ಲಿ ಲಗ್ನವಿಲ್ಲ, ಪಿತೃಪಕ್ಷದಲ್ಲೂ ಇಲ್ಲ. ತುಳಸಿ ಲಗ್ನ ಆದ ಮೇಲೆಯೇ ಭರಾಟೆ. ಅದೂ ಎಷ್ಟು ದಿನ? ಡಿಸೆಂಬರ್ ನಡುವಿಗೆ ಧನುರ್ಮಾಸ ಹಿಡಿಯುತ್ತದೆ, ಮತ್ತೆ ಒಂದು ತಿಂಗಳು ಬಾಜಾ ಬಂದ್. ನಡುವೆ ಸಿಗುವ ಆ ನಾಲ್ಕು ವಾರಗಳ ದುಡಿಮೆಯ ಮೇಲೆ ಚಾಚಾ ಅವರ ಅರ್ಧ ವರ್ಷದ ಸಂಸಾರ ನಿಂತಿರುತ್ತದೆ.

ಹೋದ ವರ್ಷ ಕಾರಹುಣ್ಣಿಮೆಯ ಸುಮಾರಿಗೆ ಚಾಂದನಿಯ ಮುಂದಿನ ಬಲಗಾಲಿನ ಗೊರಸಿನೊಳಗೆ ಕೀವಾಯಿತು. ಪಶುವೈದ್ಯರು ಕೀವು ತೆಗೆದು, ಔಷಧ ಹಾಕಿ, ಪಟ್ಟಿ ಕಟ್ಟಿದರು. ಗಾಯ ಮಾಯಿತು. ಆದರೆ ನಂದೂರಿನ ಎರೆಮಣ್ಣು ಮಳೆ ಬಿದ್ದರೆ ಅಂಟಿನಂತಾಗುತ್ತದೆ, ತಬೇಲಾದ ನೆಲ ಒಣಗುವುದೇ ಇಲ್ಲ. ಅದಕ್ಕೆ ಚಾಚಾ ಕುದುರೆಯ ನಾಲ್ಕೂ ಲಾಳ ತೆಗೆಸಿ, ಕಮಲಾಪುರದ ಹತ್ತಿರ ತಮ್ಮ ಭಾವಮೈದುನನ ಹೊಲಕ್ಕೆ ಬಿಟ್ಟು ಬಂದರು. ಅಲ್ಲಿ ಮೂರು ತಿಂಗಳು ಅದು ಹುಲ್ಲು ಮೇಯುತ್ತ, ನೊಣ ಓಡಿಸುತ್ತ ಕಾಲ ಕಳೆಯಿತು.

ಅನಂತ ಚತುರ್ದಶಿ ಮುಗಿದ ಮೊದಲ ಭಾನುವಾರ ನಾನು, 6ನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು, ಚಾಚಾ, ಮೂವರೂ ಕಮಲಾಪುರಕ್ಕೆ ಹೊರಟೆವು. ನಂದೂರಿನಿಂದ ಕಲಬುರಗಿ ಬಸ್ ನಿಲ್ದಾಣಕ್ಕೆ ಆಟೋ, ಅಲ್ಲಿಂದ ಹುಮನಾಬಾದ ಕಡೆಯ ಬಸ್ಸು. ಪಟ್ಟಣ ದಾಟಿ, ಮಹಾಗಾಂವ ಕ್ರಾಸ್ ಹಿಂದಕ್ಕೆ ಸರಿದ ಮೇಲೆ ನೆಲದ ಬಣ್ಣ ನೋಡುತ್ತ ಕೂಡಬೇಕು. ಕಪ್ಪು ನೆಲ ಹೋಗಿ ನಡುನಡುವೆ ಕೆಂಪು ಮಣ್ಣು ಕಾಣಿಸುತ್ತದೆ, ಸಣ್ಣ ಗುಡ್ಡಗಳು ಏಳುತ್ತವೆ. ಕಮಲಾಪುರದ ಕೆಂಬಾಳೆ ಹೆಸರುವಾಸಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು ಅದು. ಸಿಪ್ಪೆ ಕೆಂಪು, ಒಳಗೆ ಕೆನೆಬಣ್ಣ. ನಾವು ಇಳಿದೊಡನೆ ಅರ್ಧ ಡಜನ್ ಕೊಂಡೆವು. "ಇದು ಚಾಂದನಿಗೆ ಒಂದು, ನಮಗೆ ಐದು" ಎಂದು ಮೊಮ್ಮಗಳು ಅಲ್ಲೇ ಪಾಲು ಮಾಡಿದಳು.

ಹೊಲಕ್ಕೆ ಹೋದರೆ ಚಾಂದನಿ ಬೇವಿನ ಮರದ ಕೆಳಗೆ ನಿಂತಿತ್ತು. ಮೈ ತುಂಬಿಕೊಂಡು ಮಿರಿಮಿರಿ ಮಿಂಚುತ್ತಿತ್ತು. ಚಾಚಾನ ದನಿ ಕೇಳಿದ್ದೇ ಬಾಲ ಎತ್ತಿ ಹೊಲದ ಬದುವಿನಗುಂಟ ಒಂದು ಸುತ್ತು ಓಡಿ ಬಂತು.

"ಮುತ್ಯಾ, ಎಷ್ಟು ಛಂದ ಕಾಣ್ತದ ನೋಡು! ಇದಕ್ಕೇನು ತಯಾರಿ ಬೇಕು? ನಾಳೆನೇ ಬರಾತಿಗಿ ಒಯ್ಯಬಹುದು" ಎಂದಳು ಮೊಮ್ಮಗಳು.

ಚಾಚಾ ನಕ್ಕರು. "ಛಂದ ಕಾಣೋದು ಬ್ಯಾರೆ, ತಯಾರ ಇರೋದು ಬ್ಯಾರೆ, ಬೇಟಿ. ಈಗ ಅದಕ್ಕ ಹುರುಪು ಅದ, ಬಲ ಇಲ್ಲ. ಹುರುಪಿನ ಮಾತು ಕೇಳಿದ್ರ ಕುದ್ರಿ ಕಾಲು ಹೋಗ್ತಾವ."

ಆಮೇಲೆ ಅವರು ಕುದುರೆಯ ಮುಂಗಾಲಿನ ಹತ್ತಿರ ಕುಳಿತು ತೋರಿಸಿದ್ದು ನನಗೂ ಹೊಸ ಪಾಠ. ಕುದುರೆಯ ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲ. ಎಲುಬು, ಅದರ ಹಿಂದೆ ಹಗ್ಗದಂತೆ ಇಳಿದ ಸ್ನಾಯುರಜ್ಜು, ಮೇಲೆ ಚರ್ಮ, ಅಷ್ಟೇ. ಅಷ್ಟು ದೊಡ್ಡ ಮೈಯ ಭಾರ ಓಡುವಾಗ ಆ ಹಗ್ಗಗಳ ಮೇಲೆ ಬೀಳುತ್ತದೆ. ರಜೆ ಮುಗಿಸಿ ಬಂದ ಕುದುರೆಗೆ ಮೊದಲು ಮರಳುವುದು ಉಸಿರು ಮತ್ತು ಗುಂಡಿಗೆಯ ಶಕ್ತಿ. ಕೆಲವೇ ವಾರಗಳಲ್ಲಿ ಅದು ಸುಧಾರಿಸುತ್ತದೆ. ಮಾಂಸಖಂಡಕ್ಕೆ ಅದಕ್ಕಿಂತ ಹೆಚ್ಚು ದಿನ ಬೇಕು. ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು, ಏಕೆಂದರೆ ರಜ್ಜುಗಳಿಗೆ ರಕ್ತ ಹರಿಯುವುದು ಕಡಿಮೆ. ಗೊರಸಂತೂ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ, ಮುಂಭಾಗ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ ಒಂದು ವರ್ಷ. ಹೀಗಾಗಿ ಎದೆ "ಓಡು" ಎನ್ನುವಾಗ ಕಾಲು ಇನ್ನೂ "ನಿಲ್ಲು" ಎನ್ನುತ್ತಿರುತ್ತದೆ. ಎದೆಯ ಮಾತು ಎಲ್ಲರಿಗೂ ಕಾಣುತ್ತದೆ, ಕಾಲಿನ ಮಾತು ಮುಟ್ಟಿದವನಿಗೆ ಮಾತ್ರ ತಿಳಿಯುತ್ತದೆ.

ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಉದ್ದನೆಯ ರಿಜಿಸ್ಟರ್ ಒಂದನ್ನು ತಂದು ಬ್ಯಾಂಕಿನ ಲೆಡ್ಜರಿನಂತೆ ಗೆರೆ ಎಳೆದೆ. ತಾರೀಖು, ಎಷ್ಟು ನಿಮಿಷ ನಡಿಗೆ, ನಾಡಿ, ಕಾಲು, ಮೇವು, ಷರಾ. ಹೊಲದಲ್ಲಿ ಚಾಚಾ ಅವರ ಮಗ ಉಳಿದು ದಿನವೂ ಫೋನಿನಲ್ಲಿ ವಿವರ ಹೇಳುವುದು, ನಾನು ಬರೆಯುವುದು, ಭಾನುವಾರ ಹೋಗಿ ಕಣ್ಣಾರೆ ನೋಡಿ ತಾಳೆ ಹಾಕುವುದು ಎಂದು ಗೊತ್ತಾಯಿತು.

ನಾಡಿ ಎಣಿಸುವುದು ಮೊಮ್ಮಗಳ ಕೆಲಸ. ಕುದುರೆಯ ದವಡೆಯ ಕೆಳ ಅಂಚಿನಲ್ಲಿ, ಒಳಮಗ್ಗುಲಲ್ಲಿ, ಹಗ್ಗದಂಥ ಒಂದು ನಾಳ ಬೆರಳಿಗೆ ಸಿಗುತ್ತದೆ. ಚಾಚಾ ಕುದುರೆಯನ್ನು ಹಿಡಿದಿರುತ್ತಾರೆ, ಇವಳು ಅವರ ಪಕ್ಕದಲ್ಲಿ ನಿಂತು 15 ಸೆಕೆಂಡು ಎಣಿಸಿ 4ರಿಂದ ಗುಣಿಸುತ್ತಾಳೆ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44 ಇರುತ್ತದೆ. ನಮ್ಮ ನಾಡಿಗಿಂತ ಎಷ್ಟು ನಿಧಾನ ನೋಡಿ! ಆ ದಿನ ಚಾಂದನಿಯದು 40. ಇಪ್ಪತ್ತು ನಿಮಿಷ ನಡೆಸಿ ನಿಲ್ಲಿಸಿದಾಗ 76. ಹತ್ತು ನಿಮಿಷ ಬಿಟ್ಟು ನೋಡಿದರೆ ಇನ್ನೂ 60. ಬೇಗ ಇಳಿಯಲಿಲ್ಲ ಎಂದರೆ ಕಸುವು ಸಾಲದು ಎಂದು ಅರ್ಥ. "ಬರೀರಿ ಸಾಹೇಬ್ರ, ಇದೇ ನಮ್ಮ ಆರಂಭದ ಬಾಕಿ" ಎಂದರು ಚಾಚಾ. ಬ್ಯಾಂಕಿನವನ ಗೆಳೆತನದಿಂದ ಅವರಿಗೂ ಬ್ಯಾಂಕಿನ ಮಾತು ಬಂದಿದೆ.

ಮೊದಲ ವಾರ ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ ಬರೀ ನಡಿಗೆ. ಬೆನ್ನ ಮೇಲೆ ಏನೂ ಇಲ್ಲ, ಕೈಯಲ್ಲಿ ಹಗ್ಗ ಹಿಡಿದು ಮನುಷ್ಯನೂ ಜೊತೆಗೆ ನಡೆಯಬೇಕು. ಎರಡನೆಯ ವಾರ 30 ನಿಮಿಷ. ಮೂರನೆಯ ವಾರ ಬೆಳಗಿನ ನಡಿಗೆ ಒಂದು ಗಂಟೆ, ಅದರಲ್ಲಿ ಸ್ವಲ್ಪ ಏರು. ವಾರಕ್ಕೊಂದು ದಿನ ಪೂರ್ತಿ ಬಿಡುವು. ಕಮಲಾಪುರದ ಕೆಂಪು ನೆಲ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹಸಿ ಎರೆಯಂತೆ ಕಾಲನ್ನು ಹಿಡಿದೆಳೆಯುವುದಿಲ್ಲ, ಡಾಂಬರಿನಂತೆ ಹೊಡೆಯುವುದೂ ಇಲ್ಲ.

ಮೇವಿನ ಲೆಕ್ಕ ಇನ್ನೂ ಸೂಕ್ಷ್ಮ. ರಜೆಯಲ್ಲಿ ಚಾಂದನಿಗೆ ಹುಲ್ಲು, ಜೋಳದ ಕಣಿಕಿ, ನೀರು, ಉಪ್ಪಿನ ಗಡ್ಡೆ ಮಾತ್ರ. ಕಾಳು ಹೆಸರಿಗಷ್ಟೇ. ಈಗ ಕೆಲಸ ಹೆಚ್ಚಿದ ಹಾಗೆ ನೆನೆಸಿದ ಹುರಳಿ, ತೊಗರಿ ಚುನ್ನಿ ಹಿಡಿಹಿಡಿಯಾಗಿ ಹೆಚ್ಚಬೇಕು. ಮೊದಲು ಕೆಲಸ, ಆಮೇಲೆ ಕಾಳು. ಇದು ತಿರುಗುಮುರುಗು ಆಗಬಾರದು. ಹಿಂದೆ ಗಾಡಿ ಎಳೆಯುವ ಕುದುರೆಗಳಿಗೆ ಭಾನುವಾರ ರಜೆ ಕೊಟ್ಟು, ಕಾಳು ಮಾತ್ರ ಪೂರ್ತಿ ಹಾಕಿದರೆ, ಸೋಮವಾರ ಗಾಡಿ ಕಟ್ಟಿದೊಡನೆ ಸೊಂಟದ ಮಾಂಸಖಂಡ ಕಲ್ಲಿನಂತೆ ಬಿಗಿದು ನಿಂತುಬಿಡುತ್ತಿದ್ದವಂತೆ. ಆ ಕಾಯಿಲೆಗೆ ಸೋಮವಾರದ ರೋಗ ಎಂದೇ ಹೆಸರಿತ್ತು. ಇನ್ನೊಂದು ಮಾತು: ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆ ಕೆಟ್ಟರೆ ಮೇಲಿನಿಂದ ಹೊರಹಾಕುವ ದಾರಿಯಿಲ್ಲ, ಹೊಟ್ಟೆನೋವು ಪ್ರಾಣಕ್ಕೇ ಬರಬಹುದು. ಆದ್ದರಿಂದ ಪ್ರೀತಿಯೆಂದು ಯಾರೂ ಬುಟ್ಟಿಗಟ್ಟಲೆ ಕಾಳು ಸುರಿಯಬಾರದು. ನಮ್ಮ ಕೆಂಬಾಳೆಯೂ ಒಂದೇ ಒಂದು, ಅದೂ ತುಂಡು ಮಾಡಿ.

ಎರಡನೆಯ ಭಾನುವಾರ ಹೊಲದಲ್ಲಿ ಬುತ್ತಿ ಬಿಚ್ಚಿ ಕುಳಿತಾಗ ಮೊಮ್ಮಗಳು ಕೇಳಿದಳು, "ಮುತ್ಯಾ, ಹಿಂದಿನ ರಾಜರ ಕುದ್ರಿಗಳಿಗೂ ಹಿಂಗೇ ಮಾಡ್ತಿದ್ರೇನು?" ಆಗ ನಾನು ಅವಳಿಗೆ ಒಂದು ಕುದುರೆಯ ಕಥೆ ಹೇಳಿದೆ. ಕಥೆಯಲ್ಲ, ನಡೆದದ್ದು.

ನಮ್ಮ ಕಲಬುರಗಿ 1347ರಿಂದ ಬಹಮನಿ ಸುಲ್ತಾನರ ರಾಜಧಾನಿಯಾಗಿತ್ತು. ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಅವರ ಸೈನ್ಯಕ್ಕೆ ಬೇಕಾದ ಒಳ್ಳೆಯ ಕುದುರೆಗಳು ಅರಬ್ಬೀ ಸಮುದ್ರ ದಾಟಿ ಹಡಗಿನಲ್ಲಿ ಬರುತ್ತಿದ್ದವು. 1470ರ ಆಸುಪಾಸಿನಲ್ಲಿ ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿಟಿನ್ ಇತ್ತ ಬಂದ. ಮಾರಲೆಂದು ಒಂದೇ ಒಂದು ಗಂಡುಕುದುರೆಯನ್ನು ತಂದಿದ್ದ. ಸಮುದ್ರದ ಮೇಲೆ ಆರು ವಾರ ಕಳೆದು, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಅಲ್ಲಿಂದ ಪಾಲಿಗೆ 8 ದಿನ, ಉಮ್ರಿಗೆ 10 ದಿನ, ಜುನ್ನಾರಿಗೆ 6 ದಿನ ಎಂದು ಅವನೇ ಬರೆದಿಟ್ಟಿದ್ದಾನೆ. ಒಟ್ಟು 24 ದಿನ. ಇವತ್ತು ಬಸ್ಸಿನಲ್ಲಿ ಒಂದೇ ದಿನದ ದಾರಿ ಅದು! ಆ ಕುದುರೆಗೆ ನೂರು ರೂಬಲ್ ಕೊಟ್ಟಿದ್ದನಂತೆ. ಹಡಗಿನಲ್ಲಿ ಬಂದ ಪ್ರಾಣಿಯನ್ನು ಘಟ್ಟ ಹತ್ತಿಸಿ ಕ್ಷೇಮವಾಗಿ ಜುನ್ನಾರ ಮುಟ್ಟಿಸಿದೆ ಎಂದು ಸಮಾಧಾನದಿಂದ ಬರೆದಿದ್ದಾನೆ.

ಜುನ್ನಾರಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡ. ಧರ್ಮ ಬದಲಿಸಿದರೆ ಕುದುರೆಯನ್ನೂ ಕೊಡುತ್ತೇನೆ, ಸಾವಿರ ಹೊನ್ನನ್ನೂ ಕೊಡುತ್ತೇನೆ ಎಂದ. ನಿಕಿಟಿನ್ ಒಪ್ಪಲಿಲ್ಲ. ಕೊನೆಗೆ ಖುರಾಸಾನದ ಒಬ್ಬ ಸಜ್ಜನ ನಡುವೆ ಬಂದು ಕುದುರೆಯನ್ನು ಬಿಡಿಸಿಕೊಟ್ಟ. ಮಳೆ, ಕೆಸರುಗಳ ಕಾಲವಾದ್ದರಿಂದ ಎರಡು ತಿಂಗಳು ಅಲ್ಲೇ ತಂಗಿದ್ದು, ಆಮೇಲೆ ಬೀದರಿಗೆ ಹೊರಟ. ಕುದುರೆಯನ್ನು ಬೀದರಿನಲ್ಲಿ ಮಾರಿದ್ದು ಸುಮಾರು ಒಂದು ವರ್ಷ ಸಾಕಿದ ಮೇಲೆ. ಇಲ್ಲಿಯ ಜನ ಕುದುರೆಗೆ ಕಾಳು ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ ಎಂದೂ ಬರೆದಿದ್ದಾನೆ. ನಮ್ಮಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಆಳಂದದಲ್ಲಿ ವರ್ಷಕ್ಕೊಮ್ಮೆ ದೊಡ್ಡ ಸಂತೆ ಸೇರುತ್ತಿತ್ತು, ಅಲ್ಲಿಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಬರುತ್ತಿದ್ದವು ಎಂಬುದು ಅವನ ಮಾತು.

"ಇಪ್ಪತ್ತು ಸಾವಿರ!" ಎಂದು ಮೊಮ್ಮಗಳು ಬಾಯಿ ತೆರೆದಳು. ಚಾಚಾ ಮಾತ್ರ ಬೇರೆಯೇ ಲೆಕ್ಕ ಹಿಡಿದಿದ್ದರು. "ಇಪ್ಪತ್ನಾಕು ದಿನ ನಡಿಸ್ಯಾನ, ಓಡಿಸಿಲ್ಲ. ಶಾಣ್ಯಾ ಇದ್ದ ಮನಷ್ಯಾ" ಎಂದರು.

ನಾಲ್ಕನೆಯ ವಾರ ನಾಲಬಂದನನ್ನು ಕರೆಸಿ ಗೊರಸು ಹೆರೆಸಿ ಹೊಸ ಲಾಳ ಹೊಡೆಸಿದರು. ಕೀವಾಗಿದ್ದ ಕಡೆ ಸಣ್ಣ ಗುರುತು ಕೆಳಗಿಳಿದು ಬಂದಿತ್ತು. ಅದೇ ವಾರ ಬೆನ್ನಿಗೆ ಖಾಲಿ ಜೀನು ಹಾಕಿದರು. ಮೂರು ತಿಂಗಳು ಬಿಡುವಿದ್ದ ಹೊಟ್ಟೆಯ ಚರ್ಮ ಮೆತ್ತಗಾಗಿರುತ್ತದೆ, ಜೀನಿನ ಪಟ್ಟಿ ಒಮ್ಮೆಲೆ ಬಿಗಿದರೆ ಸುಲಿಯುತ್ತದೆ. ಅದಕ್ಕೆ ಮೊದಲ ದಿನ ಸಡಿಲ, ಹತ್ತು ನಿಮಿಷ. ತೆಗೆದ ಮೇಲೆ ಅಂಗೈಯಿಂದ ತಡವಿ ನೋಡಿ ಒರೆಸುವುದು. ವಾರದ ಕೊನೆಗೆ ಚಾಚಾ ಅವರ ಮಗ ಬೆನ್ನೇರಿದ. ಹಗುರ ಮೈಯ ಹುಡುಗ. ನಡಿಗೆಯ ನಡುವೆ ಒಂದು ನಿಮಿಷ ದುಲ್ಕಿ, ಮತ್ತೆ ನಡಿಗೆ, ಹೀಗೆ ಮೂರು ಸಲ. ದುಲ್ಕಿ ಎಂದರೆ ನಡಿಗೆಗೂ ಓಟಕ್ಕೂ ನಡುವಿನ ಕುಪ್ಪಳಿಕೆಯ ಗತಿ. ಟಾಂಗಾ ಹತ್ತಿದವರಿಗೆ ಅದರ ತಾಳ ಇನ್ನೂ ಸೊಂಟದಲ್ಲಿ ನೆನಪಿರುತ್ತದೆ.

ಅಷ್ಟರಲ್ಲಿ ದಸರೆ ಬಂತು. ಮೈಸೂರಿನ ಜಂಬೂಸವಾರಿಯನ್ನು ಟಿವಿಯಲ್ಲಿ ನೋಡುವಾಗ ಮೊಮ್ಮಗಳು ಆನೆಗಳನ್ನು ಬಿಟ್ಟು ಅಶ್ವದಳದ ಕುದುರೆಗಳನ್ನೇ ನೋಡುತ್ತಿದ್ದಳು. ಅಂದು 21 ಕುಶಾಲತೋಪು ಹಾರುತ್ತವೆ. ಆ ಸದ್ದಿಗೆ ಬೆದರದಿರಲಿ ಎಂದು ದಸರೆಗೆ ಮುಂಚೆಯೇ ಆನೆಗಳನ್ನೂ ಪೊಲೀಸ್ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಹಾರಿಸಿ ತಾಲೀಮು ಮಾಡಿಸುತ್ತಾರೆ. ಹಿಂದಿನ ವರ್ಷ ಬೆದರದ ಪ್ರಾಣಿಗೂ ಈ ವರ್ಷ ಮತ್ತೆ ತಾಲೀಮು ಇದ್ದದ್ದೇ. ರಜೆಯಲ್ಲಿ ಕಾಲಿನ ಹಾಗೆ ಕಿವಿಯೂ ಅಭ್ಯಾಸ ತಪ್ಪಿರುತ್ತದೆ.

ಬರಾತಿನ ಕುದುರೆಗೆ ಫಿರಂಗಿ ಇಲ್ಲ, ಆದರೆ ಬ್ಯಾಂಡ್, ಡಿಜೆ, ಪಟಾಕಿ, ಕಣ್ಣಿಗೆ ಹೊಡೆಯುವ ದೀಪ ಇವೆ. ಮುಂದಿನ ಭಾನುವಾರ ಚಾಚಾ ಹಲಗೆ ಬಾರಿಸುವ ಒಬ್ಬ ಹುಡುಗನನ್ನು ನೂರು ಹೆಜ್ಜೆ ದೂರ ನಿಲ್ಲಿಸಿದರು. ಚಾಂದನಿ ಕಿವಿ ನಿಮಿರಿಸಿತು, ಮೂಗು ಸೀದಿತು. ಅದು ತಲೆ ತಗ್ಗಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕುವ ತನಕ ಹುಡುಗ ಹತ್ತಿರ ಬರಲಿಲ್ಲ. ಬಾಯಿ ಹಾಕಿದ ಮೇಲೆ ಹತ್ತು ಹೆಜ್ಜೆ ಮುಂದೆ. ಹೀಗೆ ಮೂರು ದಿನ ಹಿಡಿಯಿತು. ಐದನೆಯ ವಾರದ ಕೊನೆಗೆ ರಿಜಿಸ್ಟರಿನಲ್ಲಿ ನಾಡಿಯ ಸಾಲು ಹೀಗಿತ್ತು: ಕೆಲಸ ನಿಲ್ಲಿಸಿದಾಗ 88, ಹತ್ತು ನಿಮಿಷಕ್ಕೆ 52. ಮೊಮ್ಮಗಳು ಅದರ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆದಳು.

ಆರನೆಯ ವಾರ ಮನೆಗೆ ಕರೆತರುವ ಸಮಯ. ಟೆಂಪೋದಲ್ಲಿ ತರಬಹುದಿತ್ತು. ಚಾಂದನಿಗೆ ಗಾಡಿ ಹತ್ತುವುದೆಂದರೆ ಹೆದರಿಕೆ, ಹಿಂದೊಮ್ಮೆ ಒಳಗೆ ಒದ್ದಾಡಿ ಗಾಯ ಮಾಡಿಕೊಂಡಿತ್ತಂತೆ. ಹೇಗೂ ದಿನಕ್ಕೆ ಒಂದು ಗಂಟೆ ನಡೆಯುತ್ತಿದೆಯಲ್ಲ ಎಂದು ನಡೆಸಿಯೇ ತರಲು ನಿರ್ಧರಿಸಿದರು. ದಾರಿ ನಲವತ್ತು ಕಿಲೋಮೀಟರಿನ ಮೇಲೆ. ಮೂರು ದಿನ, ದಿನಕ್ಕೆ ಹದಿನೈದರ ಲೆಕ್ಕ. ಬೆಳಗಿನ ನಾಲ್ಕೂವರೆಗೆ ಹೊರಟು ಲಾರಿಗಳ ಹಾವಳಿ ಹೆಚ್ಚುವ ಮುಂಚೆ ನಿಲ್ಲುವುದು. ಮೊದಲ ರಾತ್ರಿ ಮಹಾಗಾಂವದ ಹತ್ತಿರ, ಎರಡನೆಯ ರಾತ್ರಿ ಪಟ್ಟಣದ ಹೊರಗೆ ಪರಿಚಯದವರ ಹಟ್ಟಿಯಲ್ಲಿ.

ಮೂರನೆಯ ದಿನ ನಾನು ಪಟ್ಟಣದ ಅಂಚಿನಲ್ಲಿ ಅವರನ್ನು ಕೂಡಿಕೊಂಡು, ಆಟೋದಲ್ಲಿ ಹಿಂದೆ ಹಿಂದೆ ಬಂದೆ. ನಸುಕಿನ ಕಲಬುರಗಿಯನ್ನು ಕುದುರೆಯ ಗತಿಯಲ್ಲಿ ನೋಡಿದ್ದು ಅದೇ ಮೊದಲು. ದೂರದಲ್ಲಿ ಬಂದೇ ನವಾಜ್ ದರ್ಗಾದ ಗುಮ್ಮಟ, ಮುಂದೆ ಕೋಟೆಯ ಕಪ್ಪು ಗೋಡೆ, ಶರಣಬಸವೇಶ್ವರ ಗುಡಿಯ ಕಡೆಯಿಂದ ಗಂಟೆಯ ಸದ್ದು. ಹಾಲಿನ ಸೈಕಲ್ಲುಗಳು ನಿಂತು ದಾರಿ ಬಿಟ್ಟವು. ಚಹಾದಂಗಡಿಯ ಅಜ್ಜ ಒಬ್ಬರು, "ಟಾಂಗಾ ಎಲ್ಲಿ ಬಿಟ್ಟು ಬಂದ್ರಿ?" ಎಂದು ಕೇಳಿ ತಾವೇ ನಕ್ಕರು. ಎಂಟು ಗಂಟೆಯೊಳಗೆ ನಂದೂರ ಮುಟ್ಟಿದೆವು. ಓಣಿಯ ಮಕ್ಕಳೆಲ್ಲ ಬಾಗಿಲಲ್ಲಿದ್ದರು.

ಮರುದಿನ ಬೆಳಿಗ್ಗೆ ಚಾಚಾ ಎಂದಿನಂತೆ ನಾಲ್ಕೂ ಕಾಲುಗಳನ್ನು ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಸವರಿದರು. ಮುಂದಿನ ಎಡಗಾಲಿನಲ್ಲಿ ಕೈ ನಿಂತಿತು. ಮತ್ತೆ ಬಲಗಾಲು ಮುಟ್ಟಿದರು, ಮತ್ತೆ ಎಡಗಾಲು. "ಸಾಹೇಬ್ರ, ಸ್ವಲ್ಪ ಬಿಸಿ ಅದ" ಎಂದರು. ನಾನೂ ಮುಟ್ಟಿದೆ. ಜ್ವರ ಬಂದ ಮಗುವಿನ ಹಣೆಯಷ್ಟಲ್ಲ, ಬಿಸಿಲಿನಲ್ಲಿಟ್ಟ ತಂಬಿಗೆಯಷ್ಟು. ಕುದುರೆ ಕುಂಟುತ್ತಿರಲಿಲ್ಲ. ನಾಡಿ 38. ನೋಡಿದರೆ ಠೀವಿಯಿಂದ ನಿಂತಿತ್ತು.

ಪಶುವೈದ್ಯರು ಬಂದು ಒತ್ತಿ ನೋಡಿದರು, ನಡೆಸಿ ನೋಡಿದರು. ಮೂರು ದಿನದ ಡಾಂಬರು ರಸ್ತೆ ರಜ್ಜುವಿಗೆ ಕೊಂಚ ಹೆಚ್ಚಾಗಿದೆ, ಹರಿದಿಲ್ಲ ಎಂದರು. ತಣ್ಣೀರು ಹಾಯಿಸಿ, ಹತ್ತು ದಿನ ಬರೀ ಮೆತ್ತಗಿನ ನಡಿಗೆ, ಮತ್ತೆ ದುಲ್ಕಿ ಮೊದಲಿನಿಂದ. "ಈಗ ಸುಮ್ಮನಿದ್ದರೆ ಮೂರು ವಾರದ ಮಾತು. ಹರಿದರೆ ಒಂಬತ್ತು ತಿಂಗಳಿಂದ ಒಂದು ವರ್ಷ" ಎಂದು ಹೇಳಿ ಹೋದರು.

ತುಳಸಿ ಲಗ್ನಕ್ಕೆ ಎರಡು ವಾರ ಉಳಿದಿತ್ತು. ಅದಾದ ಮೂರನೆಯ ದಿನದಿಂದ ಚಾಚಾ ಐದು ಬರಾತು ಒಪ್ಪಿಕೊಂಡಿದ್ದರು. ಒಂದಕ್ಕೆ ಐದು ಸಾವಿರದಂತೆ 25,000 ರೂಪಾಯಿ. ಮಗಳ ನರ್ಸಿಂಗ್ ಕಾಲೇಜಿನ ಫೀ ಅದರಿಂದಲೇ ಕಟ್ಟಬೇಕಿತ್ತು. ಮೊದಲ ಬರಾತಿನ ಮನೆಯವರು ಬಂದು ಕುದುರೆ ನೋಡಿ, "ಏನಾಗಿದೆ ಇದಕ್ಕೆ? ಕುಂಟುತ್ತಿಲ್ಲವಲ್ಲ! ಬೇಕಾದರೆ ಇನ್ನೆರಡು ಸಾವಿರ ಹೆಚ್ಚು ಕೊಡುತ್ತೇವೆ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ.

ಚಾಚಾ ಆ ರಾತ್ರಿ ನಮ್ಮ ಮನೆಗೆ ಬಂದು ರಿಜಿಸ್ಟರ್ ಕೇಳಿದರು. ಕನ್ನಡ ಓದಲು ಅವರಿಗೆ ಸ್ವಲ್ಪ ತಡವಾಗುತ್ತದೆ. ಮೊಮ್ಮಗಳು ಮೊದಲ ಸಾಲಿನಿಂದ ಓದಿದಳು. ನಡಿಗೆ 20, ನಡಿಗೆ 20, ನಡಿಗೆ 30... 42 ದಿನಗಳ ಸಾಲುಗಳು. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಇಷ್ಟು ಜಮಾ ಮಾಡೀವಿ. ಒಂದು ರಾತ್ರಿದಾಗ ಖರ್ಚು ಮಾಡಬಾರ್ದು" ಎಂದು ಎದ್ದು ಹೋದರು.

ಮರುದಿನ ಐದೂ ಮನೆಗಳಿಗೆ ಹೋಗಿ ಮುಂಗಡ ಮರಳಿಸಿದರು. ಮೂವರಿಗೆ ಪಟ್ಟಣದ ಸಂಬಂಧಿಕರ ಕುದುರೆ ಗೊತ್ತು ಮಾಡಿಕೊಟ್ಟರು. ಇಬ್ಬರು ಸಿಟ್ಟಿನಿಂದ ಬೇರೆ ಕಡೆ ಹೋದರು. ಫೀ ಕಟ್ಟಲು ಮಗ ಬಾಡಿಗೆ ಆಟೋ ಹಿಡಿದು ರಾತ್ರಿ ಪಾಳಿ ಓಡಿಸಿದ. ಆ ಎರಡು ವಾರ ಪಟ್ಟಣದ ಕಡೆಯಿಂದ ಬ್ಯಾಂಡಿನ ಸದ್ದು ತೇಲಿ ಬಂದಾಗಲೆಲ್ಲ ಚಾಂದನಿ ಕಿವಿ ನಿಮಿರಿಸುತ್ತಿತ್ತು. ಚಾಚಾ ಅದರ ಎಡಗಾಲಿಗೆ ನೀರು ಹಾಯಿಸುತ್ತ ಕುಳಿತಿರುತ್ತಿದ್ದರು. ಬಿಸಿ ನಾಲ್ಕನೆಯ ದಿನ ಇಳಿಯಿತು. ಆದರೂ ಹತ್ತು ದಿನ ಪೂರ್ತಿ ಕಾದರು. ಆಮೇಲೆ ದಾಲ್ ಮಿಲ್ಲುಗಳ ಹಿಂದಿನ ಮಣ್ಣಿನ ಹಾದಿಯಲ್ಲಿ ಒಂದು ನಿಮಿಷ ದುಲ್ಕಿ, ಮೂರು ಸಲ.

ಡಿಸೆಂಬರ್ ಮೊದಲ ವಾರ, ಧನುರ್ಮಾಸಕ್ಕೆ ಇನ್ನು ಹತ್ತು ದಿನ ಇರುವಾಗ, ನಂದೂರಿನಲ್ಲೇ ಒಂದು ಸಣ್ಣ ಲಗ್ನ. ಗುಡಿಯಿಂದ ಮನೆಯ ತನಕ ಅರ್ಧ ಗಂಟೆಯ ದಾರಿ. ಮದುಮಗ ತೆಳ್ಳಗಿನ ಹುಡುಗ. ಕುದುರೆಯನ್ನು ಕುಣಿಸುವಂತಿಲ್ಲ, ಪಟಾಕಿ ಕಾಲ ಬುಡದಲ್ಲಿ ಹಚ್ಚುವಂತಿಲ್ಲ ಎಂದು ಚಾಚಾ ಮೊದಲೇ ಮಾತು ತೆಗೆದುಕೊಂಡಿದ್ದರು. ಜರಿಯ ಹೊದಿಕೆ, ಹಣೆಗೆ ಕನ್ನಡಿಯ ಪಟ್ಟಿ, ಕಾಲಿಗೆ ಗೆಜ್ಜೆ ತೊಟ್ಟು ಚಾಂದನಿ ಹಲಗೆಯ ಸದ್ದಿನ ನಡುವೆ ನಿರಾತಂಕವಾಗಿ ನಡೆಯಿತು. ಮೊಮ್ಮಗಳು ಮದುಮಗನ ಕಡೆ ನೋಡಲೇ ಇಲ್ಲ. ಮೆರವಣಿಗೆ ಮುಗಿದು ಹತ್ತು ನಿಮಿಷಕ್ಕೆ ಗುಂಪಿನಲ್ಲಿ ನುಗ್ಗಿ, ಚಾಚಾ ಪಕ್ಕಕ್ಕೆ ನಿಂತು, ದವಡೆಯ ಕೆಳಗೆ ಬೆರಳಿಟ್ಟಳು. 48.

ಮರುದಿನ ನಸುಕಿನಲ್ಲಿ ಚಾಚಾ ನಾಲ್ಕೂ ಕಾಲು ಸವರಿ, ನಮ್ಮ ಮನೆಯ ಗೇಟಿನ ಹೊರಗಿಂದಲೇ ಕೂಗಿದರು, "ತಣ್ಣಗ ಅದ, ಸಾಹೇಬ್ರ!" ನಾನು ರಿಜಿಸ್ಟರ್ ತೆರೆದು ಆ ದಿನದ ಸಾಲು ಬರೆದೆ. ಕಾಲು: ತಣ್ಣಗೆ. ನಡಿಗೆ: ಹದಿನೈದು ನಿಮಿಷ. ಮೇವು: ಹುಲ್ಲು ಪೂರ್ತಿ, ಹುರಳಿ ಅರ್ಧ. ಷರಾ: ಇಂದು ರಜೆ.